ಅದಿರು ಪ್ಲಾಂಟಲ್ಲಿ ಡೀಸೆಲ್, ಕೆಮಿಕಲ್ ಚೆಲ್ಲಿದ್ರೆ ಬೋರ್ ನೀರಿಗೆ ಸೇರದಂಗೆ ಏನ್ ಮಾಡ್ಬೇಕು?

ಹೊಳಲ್ಕೆರೆ_ಶಿಫ್ಟ್:

ಎಲ್ರಿಗೂ ನಮಸ್ಕಾರ. ನಾನು ಹೊಳಲ್ಕೆರೆ ತಾಲೂಕಲ್ಲಿ ಒಂದು ಸಣ್ಣ ಕಬ್ಬಿಣದ ಅದಿರು ತೊಳೆಯೋ ಪ್ಲಾಂಟಲ್ಲಿ ಶಿಫ್ಟ್ ಇನ್‌ಚಾರ್ಜ್, ಪ್ಲಾಂಟ್ ಹೆಸರು ಬೇಡ. ಕ್ರಷರ್, ಬಾಲ್ ಮಿಲ್, ಸ್ಪೈರಲ್, ಮ್ಯಾಗ್ನೆಟಿಕ್ ಸೆಪರೇಟರ್, ಕೆಸರನ್ನ ತಳಕ್ಕೆ ಕೂರಿಸಿ ನೀರು ಬೇರೆ ಮಾಡೋ ಒಂದು ಥಿಕ್ನರ್, ಅದರಾಚೆ ಅದಿರು ತೆಗೆದು ಉಳಿದ ಕೆಸರು ಬಿಡೋ ಟೇಲಿಂಗ್ ಪಾಂಡ್, ಇಷ್ಟೇ ನಮ್ಮದು. ಇಲ್ಲೀವರೆಗೂ ಕೆಮಿಕಲ್ ಅಂತ ಇದ್ದಿದ್ದು ಕೆಸರು ಗಂಟು ಕಟ್ಟಿ ಬೇಗ ಕೂರ್ಲಿ ಅಂತ ಥಿಕ್ನರ್‌ಗೆ ಹಾಕೋ ಫ್ಲಾಕ್ಯುಲೆಂಟ್ ಒಂದೇ, ಮಿಕ್ಕಿದ್ದೆಲ್ಲ ಡೀಸೆಲ್ಲು ಹೈಡ್ರಾಲಿಕ್ ಆಯಿಲ್ಲು ಗ್ರೀಸು. ಈಗ ಬರ್ತಿರೋ ಅದಿರಲ್ಲಿ ಸಿಲಿಕಾ ಜಾಸ್ತಿ ಅಂತ ಫ್ಲೋಟೇಷನ್ ಲೈನ್ (ಗಾಳಿ ಗುಳ್ಳೇಲಿ ಸಿಲಿಕಾ ತೇಲಿಸಿ ತೆಗೆಯೋದು) ಹಾಕ್ತಿದಾರೆ, ಅದಕ್ಕೆ ಅಮೀನ್ ಅನ್ನೋ ಕೆಮಿಕಲ್ ಸಾವಿರ ಲೀಟರ್ ಐಬಿಸಿ ಅನ್ನೋ ಚೌಕದ ಟ್ಯಾಂಕಲ್ಲಿ ಬರುತ್ತಂತೆ, ಜೊತೆಗೆ ಕಾಸ್ಟಿಕ್ ಲೈ (ಮೈ ಸುಡೋ ಕ್ಷಾರದ ನೀರು), ಸ್ಟಾರ್ಚು. ಪೊಲ್ಯೂಷನ್ ಬೋರ್ಡ್‌ನವ್ರು ಬರೋದ್ರೊಳಗೆ ಚೆಲ್ಲಾಟ ತಡೆಯೋ ಪ್ಲಾನ್ ಒಂದು ಬರ್ಕೊಡು ಅಂತ ಮ್ಯಾನೇಜರ್ ನನ್ ತಲೆಗೆ ಕಟ್ಟಿದಾರೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ.

ಹೋದ ವಾರದ್ದೂ ಹೇಳ್ಬಿಡ್ತೀನಿ. ರಾತ್ರಿ ಜೋರು ಮಳೆ, ಕರೆಂಟ್ ಹೋಯ್ತು, ಸಂಪ್ ಪಂಪ್ ನಿಂತು ಸ್ಲರಿ (ಅದಿರು ಪುಡಿ ಕಲಸಿದ ನೀರು) ತುಂಬಿ ಯಾರ್ಡಿಗೆ ಹರೀತು, ಆ ಗಲಾಟೇಲಿ ಲೋಡರ್‌ಗೆ ಡೀಸೆಲ್ ತುಂಬ್ತಿದ್ದ ಹುಡುಗ ಹೋಸ್ ಹಂಗೇ ಬಿಟ್ಟು ಪಂಪ್ ಹತ್ರ ಓಡಿದಾನೆ, ನಮ್ಮ ಡೀಸೆಲ್ ಟ್ಯಾಂಕ್ ಸ್ಟ್ಯಾಂಡ್ ಮೇಲಿರೋದು, ಗ್ರಾವಿಟೀಲೇ ಬರೋದು, ಕರೆಂಟ್ ಇಲ್ದಿದ್ರೂ ಬರ್ತಾನೇ ಇರುತ್ತೆ. ಅಂದಾಜು ಒಂದು ಬ್ಯಾರಲ್ ನೆಲಕ್ಕೆ. ಅದೃಷ್ಟಕ್ಕೆ ಗೇಟ್ ದಾಟಿ ಹಳ್ಳಕ್ಕೆ ಹೋಗ್ಲಿಲ್ಲ. ಯಾರ್ಡಿನ ಇಳಿಜಾರೆಲ್ಲ ಕೆಳಗಿನ ಮೂಲೆಗೆ, ಅಲ್ಲಿ ಫೇಲ್ ಆಗಿದ್ದ ಒಂದು ಬೋರ್ ಸುತ್ತ ಗುಂಡಿ ತೆಗೆದು ಜಲ್ಲಿ ಮರಳು ತುಂಬಿ ಮಳೆನೀರು ಇಂಗೋ ಹಂಗೆ ಮಾಡಿದೀವಿ, ಎಲ್ಲ ಅಲ್ಲೇ ಇಂಗಿ ಹೋಗಿ ಬೆಳಿಗ್ಗೆ ನೋಡಿದ್ರೆ ಯಾರ್ಡ್ ಕ್ಲೀನು.

ಈಗ ನನ್ ಪ್ರಶ್ನೆ, ಟ್ಯಾಂಕ್ ಸುತ್ತ ಗೋಡೆ ಎಷ್ಟು ಎತ್ತರ ಕಟ್ಬೇಕು, ನೆಲಕ್ಕೆ ಏನ್ ಹಾಕ್ಬೇಕು, ಸ್ಪಿಲ್ ಕಿಟ್ ಅಂತಾರಲ್ಲ ಅದರಲ್ಲಿ ಏನೇನಿರ್ಬೇಕು? ಪ್ಲಾಂಟಿಂದ ಅರ್ಧ ಕಿಲೋಮೀಟರ್ ಆಚೆ ನಮ್ಮಪ್ಪಂದೇ ತೋಟ ಇದೆ, ಹಂಗಾಗಿ ಬರೀ ಫೈಲಿಗೆ ಬರೆಯೋ ಪ್ಲಾನ್ ಬೇಡ ನಂಗೆ.

ಸ್ಲರಿ_ಮಾವ:

ತಮ್ಮಾ, ಗೋಡೆ ಲೆಕ್ಕಕ್ಕೆ ಆಮೇಲೆ ಬರ್ತೀನಿ, ಮೊದ್ಲು ಆ ಗುಂಡಿ ವಿಷ್ಯ. "ಅದೃಷ್ಟಕ್ಕೆ ಅಲ್ಲೇ ಇಂಗಿ ಹೋಯ್ತು" ಅಂತ ಬರ್ದೀಯಲ್ಲ, ಅದನ್ನ ಓದಿ ನನ್ ಕೈಲಿದ್ದ ಚಾ ಲೋಟ ಕೆಳಗಿಟ್ಟೆ ನೋಡಪಾ. ಹಳ್ಳಕ್ಕೆ ಹೋಗಿದ್ರೆ ಕಣ್ಣಿಗಾದ್ರೂ ಕಾಣ್ತಿತ್ತು, ಒಡ್ಡು ಹಾಕಿ ಹಿಡೀಬಹುದಿತ್ತು. ಬೋರ್‌ಗೆ ಇಳಿದ್ರೆ ಮಣ್ಣು ಅನ್ನೋ ಜರಡೀನೇ ಇಲ್ಲ, ಸೀದಾ ಬಂಡೆ ಬಿರುಕಿಗೆ. ನೀವು ಅಂತರ್ಜಲಕ್ಕೆ ಒಂದು ಕೊಳವೆ ಇಟ್ಟು ಅದರ ಬಾಯಿಗೆ ಇಡೀ ಯಾರ್ಡನ್ನೇ ಆಲಿಕೆ ಮಾಡಿ ಕೂಡ್ರಿಸೀರಿ. ಇಂಗುಗುಂಡಿ ಕೆಟ್ಟದ್ದಲ್ಲ, ಆಫೀಸ್ ತಾರಸಿ ನೀರಿಗೆ ಮಾಡ್ರಿ, ಕ್ಯಾಂಟೀನ್ ತಾರಸಿಗೆ ಮಾಡ್ರಿ. ಲೋಡರ್ ಓಡಾಡೋ, ಡೀಸೆಲ್ ತುಂಬೋ, ಅದಿರು ಗುಡ್ಡೆ ಹಾಕೋ ಜಾಗದ ನೀರನ್ನ ಬೋರ್‌ಗೆ ಬಿಡಬಾರ್ದು, ಅಷ್ಟೇ.

ಇವತ್ತೇ ಮಾಡೋದು, ಆ ಗುಂಡಿಗೆ ನೀರು ಬರದಂಗೆ ಸುತ್ತ ಮಣ್ಣಿನ ಚೀಲ ಹಾಕಿ ಬದು ಕಟ್ಟು, ಮೇಲೆ ತಾಡಪಾಲು ಹೊದಿಸು. ಆದ್ರೆ ಬೋರ್‌ನ ಮುಚ್ಚಬ್ಯಾಡ. ಯಾರಾದ್ರೂ ಗಾಬರಿಗೆ ಸಿಮೆಂಟ್ ಸುರೀರಿ ಅಂತಾರ, ಕೇಳಬ್ಯಾಡ. ಹೋಗಿರೋ ಡೀಸೆಲ್‌ನ ವಾಪಸ್ ತೆಗೆಯಾಕ ಇರೋ ದಾರೀನೂ ಅದೊಂದೇ.

ಈಗ ನಿನ್ ಪ್ರಶ್ನೆ. ಡೀಸೆಲ್ ಟ್ಯಾಂಕ್ ಮೊದಲು ಸ್ಟ್ಯಾಂಡ್ ಮೇಲಿಂದ ಇಳಿಸ್ರಿ, ಪಂಪ್ ಹಾಕ್ರಿ, ಕೈ ಬಿಟ್ರೆ ತಾನೇ ನಿಂತುಬಿಡೋ ನಾಜಲ್ ಹಾಕ್ರಿ. ಇದೊಂದು ಮಾಡಿದ್ರೆ ಹೋದ ವಾರದ ಕತೇನೇ ಇರ್ತಿರ್ಲಿಲ್ಲ. ಸುತ್ತಲಿನ ಗೋಡೆಗೆ ಬಂಡ್ ಅಂತೀವಿ, ಒಳಗಿರೋ ದೊಡ್ಡ ಟ್ಯಾಂಕಿನ 110% ಹಿಡೀಬೇಕು ಅನ್ನೋದು ಎಲ್ಲಾ ಕಡೆ ನಡೆಯೋ ಲೆಕ್ಕ. 10,000 ಲೀಟರ್ ಟ್ಯಾಂಕ್ ಅಂದ್ರೆ 11,000 ಲೀಟರ್, ಅಂದ್ರೆ 11 ಘನ ಮೀಟರ್. 5 ಮೀಟರ್‌ಗೆ 5 ಮೀಟರ್ ಕಟ್ಟಿದ್ರೆ 25 ಚದರ ಮೀಟರ್, ಅದರಾಗ ಟ್ಯಾಂಕಿನ ತಳ ಒಂದು 4 ಕಳೆದ್ರೆ 21, ಎತ್ತರ 52 ಸೆಂಟಿಮೀಟರ್ ಬರ್ತತಿ. ಮಳೆಗಾಲದಾಗ ಒಂದೇ ದಿನ 100 ಮಿಲಿಮೀಟರ್ ಹೊಡೀತು ಅಂತಿಟ್ಕೋ, ಇನ್ನೊಂದು 10 ಸೆಂಟಿಮೀಟರ್. ಎರಡೂವರೆ ಅಡಿ ಕಟ್ಟಿಬಿಡು, ತಲೆನೋವಿಲ್ಲ. ಮೇಲೊಂದು ಶೀಟ್ ಹೊದಿಸಿದ್ರೆ ಮಳೆನೀರಿನ ರಗಳೆನೂ ತಪ್ತತಿ.

ಆದ್ರ ನಾ ನೋಡಿದ ಬಂಡುಗಳಾಗ ಅರ್ಧಕ್ಕರ್ಧ ಎತ್ತರ ಕಮ್ಮಿ ಆಗಿ ಕೆಟ್ಟಿದ್ದಲ್ಲ. ಮಳೆನೀರು ಹೋಗ್ಲಿ ಅಂತ ತಳಕ್ಕೊಂದು ವಾಲ್ವ್ ಇಡ್ತಾರ, ಅದನ್ನ ಯಾವಾಗ್ಲೂ ತೆಗೆದೇ ಇಟ್ಟಿರ್ತಾರ. ಗೋಡೆ ಇದ್ದೂ ಇಲ್ದಂಗ. ವಾಲ್ವ್ ಹೊರಗಿರ್ಬೇಕು, ಬೀಗ ಹಾಕಿರ್ಬೇಕು, ಕೀಲಿ ಶಿಫ್ಟ್ ಇನ್‌ಚಾರ್ಜ್ ಹತ್ರ, ಅಂದ್ರ ನಿನ್ ಹತ್ರ. ಬಿಡೋ ಮುಂಚೆ ನೀರಿನ ಮೇಲೆ ಎಣ್ಣೆ ಬಣ್ಣ ಐತಾ ಅಂತ ನೋಡಿ ಬುಕ್ಕಿನಾಗ ಬರೀಬೇಕು. ಇನ್ನೊಂದು, ಟ್ಯಾಂಕ್ ಬಂಡ್ ಒಳಗ ಇರ್ತತಿ, ಹೋಸ್ ಮಾತ್ರ ಹೊರಗ ಮಣ್ಣಿನ ಮ್ಯಾಲೆ ಇರ್ತತಿ. ಚೆಲ್ಲೋದು ಟ್ಯಾಂಕ್ ಒಡೆದು ಅಲ್ಲಪಾ, ತುಂಬೋವಾಗ. ಲೋಡರ್ ನಿಲ್ಲೋ ಜಾಗಕ್ಕೇ ಕಾಂಕ್ರೀಟ್ ಹಾಕಿ, ಸುತ್ತ ಸಣ್ಣ ದಿಬ್ಬ ಕೊಟ್ಟು, ಇಳಿಜಾರು ಒಂದು ಪುಟ್ಟ ತೊಟ್ಟಿಗೆ ಮಾಡು.

ಕರೆಂಟ್ ಹೋದಾಗಿನ ಸ್ಲರಿ. 8 ಇಂಚಿನ ಪೈಪು 150 ಮೀಟರ್ ಐತಿ ಅಂದ್ರ ಅದರೊಳಗೇ ಸುಮಾರು 5,000 ಲೀಟರ್ ನಿಂತಿರ್ತತಿ, ಪಂಪ್ ನಿಂತ ಕೂಡ್ಲೆ ಎಲ್ಲಾ ವಾಪಸ್ ಸಂಪಿಗೆ. ನಿಮ್ ಸಂಪಿನಾಗ ಆ ಜಾಗ ಐತಾ? ಇಲ್ಲಾಂದ್ರ ಪಕ್ಕದಾಗ ಒಂದು ಎಮರ್ಜೆನ್ಸಿ ತೊಟ್ಟಿ ಬೇಕು, ಅದು ಯಾವಾಗ್ಲೂ ಖಾಲಿ ಇರ್ಬೇಕು, ಎರಡು ತಿಂಗಳು ಬಿಟ್ಟು ನೋಡಿದ್ರ ಅದರಾಗ ಹಳೇ ಬೆಲ್ಟು, ಮುರಿದ ರೋಲರ್ರು ತುಂಬಿರಬಾರ್ದು. ಸಂಪ್ ಪಂಪ್ ಒಂದನ್ನಾದ್ರೂ ಜನರೇಟರ್‌ಗೆ ಕೊಡ್ರಿ. ಪಾಂಡ್‌ಗೆ ಹೋಗೋ ಲೈನಿಗೆ ಪ್ರೆಶರ್ ಬಿದ್ರೆ ಹೊಡ್ಕೊಳ್ಳೋ ಅಲಾರಂ ಇಡ್ರಿ. 2006ರ ಡಿಸೆಂಬರ್‌ನಾಗ ಜಾರ್ಖಂಡಿನ ಜಾದೂಗುಡದಾಗ ಟೇಲಿಂಗ್ ಪೈಪ್ ಒಡೆದು ಗಂಟೆಗಟ್ಟಲೆ ಹರೀತು, ಊರವ್ರು ಬಂದು ಹೇಳಿದ ಮ್ಯಾಲೇ ಗೊತ್ತಾಗಿದ್ದು. ಅದು ಯುರೇನಿಯಂ ಟೇಲಿಂಗ್, ನಿಮ್ದು ಕೆಂಪುಮಣ್ಣು, ಒಪ್ತೀನಿ, ಪೈಪ್ ಮಾತ್ರ ಒಂದೇ ಥರಾ ಒಡೀತಾವ.

ಅಮೀನ್, ಕಾಸ್ಟಿಕ್ ಎರಡಕ್ಕೂ ಬೇರೆ ಬೇರೆ ಬಂಡ್, ಮೇಲೆ ಶೀಟ್, ಕಾಂಕ್ರೀಟಿಗೆ ಎಪಾಕ್ಸಿ ಬಳೀಬೇಕು. ಕಾಸ್ಟಿಕ್ ಚೆಲ್ಲಿದ್ರೆ ಆಸಿಡ್ ಸುರಿದು ಸರಿ ಮಾಡ್ತೀನಿ ಅನ್ನೋ ಶೂರರು ಇರ್ತಾರ, ಬಿಸಿಯಾಗಿ ಮುಖಕ್ಕೆ ಎಗರ್ತತಿ, ಬ್ಯಾಡ. ಕಿಟ್ ಅಂದ್ರ ದೊಡ್ಡದೇನಲ್ಲ, ಒಣ ಮರಳು, ಮರದ ಹೊಟ್ಟು, ಸಲಿಕೆ, ಮುಚ್ಚಳ ಇರೋ ಖಾಲಿ ಡ್ರಮ್ಮು, ಗ್ಲೌಸು ಕನ್ನಡಕ, ಚರಂಡಿ ಬಾಯಿ ಮುಚ್ಚಾಕ ಮರಳಿನ ಉದ್ದ ಚೀಲ. ಮರದ ಹೊಟ್ಟು ಡೀಸೆಲ್ಲಿಗೆ ಮಾತ್ರ. ಮತ್ತ ಹುಡುಗರಿಗೆ ಹೇಳು, ಚೆಲ್ಲಿದ ಕೂಡ್ಲೆ ನೀರಿನ ಪೈಪ್ ಹಿಡ್ಕೊಂಡು ತೊಳೀಬಾರ್ದು ಅಂತ. ನಮ್ ಜನಕ್ಕೆ ಕ್ಲೀನ್ ಅಂದ್ರೆ ಕಣ್ಣಿಗೆ ಕಾಣದಂಗ ಮಾಡೋದು.

ಬಂಡೆ_ಬಿರುಕು:

ಮಾವ ಹೇಳಿದ್ದು ಸರಿ ಇದೆ, ನೆಲದ ಕೆಳಗಿಂದು ನಾನು ಸ್ವಲ್ಪ ಸೇರಿಸ್ತೀನಿ, ಅಂತರ್ಜಲದ ಸರ್ವೆ ಕೆಲಸ ನಂದು, ಚಿತ್ರದುರ್ಗ ಹೊಸದುರ್ಗ ಕಡೆ ತುಂಬಾ ಓಡಾಡಿದೀನಿ.

ನಿಮ್ಮ ಕಡೆ ಇರೋದು ಚಿತ್ರದುರ್ಗ ಶಿಸ್ಟ್ ಪಟ್ಟಿ, ಪದರ ಪದರದ ಕಲ್ಲು. ಆ ಪದರಗಳು ಹೆಚ್ಚುಕಮ್ಮಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಓಡ್ತಾವೆ, ನೀರೂ ಆ ಪದರ, ಬಿರುಕಿನ ಸಾಲು ಹಿಡ್ಕೊಂಡೇ ಹೋಗೋದು ಜಾಸ್ತಿ. ಹಂಗಾಗಿ ಯಾರ್ಡಿನ ಇಳಿಜಾರು ಪೂರ್ವಕ್ಕಿದೆ, ಕೊಳೆ ನೀರು ಪೂರ್ವಕ್ಕೇ ಹೋಗಿರುತ್ತೆ ಅಂತ ಲೆಕ್ಕ ಹಾಕ್ಬೇಡಿ. ಇದಕ್ಕಿಂತ ದೊಡ್ಡ ಎಳೆತ ಅಂದ್ರೆ ಮೋಟರ್‌ಗಳು. ಅಡಿಕೆ ತೋಟದಲ್ಲಿ ಬೇಸಿಗೆ ಪೂರ್ತಿ ಬೋರ್ ಓಡ್ತಾ ಇದ್ರೆ ಸುತ್ತಲಿನ ನೀರಿನ ಮಟ್ಟ ಆ ಬೋರ್ ಕಡೆಗೇ ಇಳಿಜಾರಾಗುತ್ತೆ. ಯಾರು ಜಾಸ್ತಿ ಎತ್ತುತಾರೋ ಅವ್ರ ತೋಟಕ್ಕೆ ಮೊದಲು ಬರುತ್ತೆ, ಅವ್ರು ಪ್ಲಾಂಟಿಗಿಂತ ಎತ್ತರದ ಹೊಲದಲ್ಲಿದ್ರೂ ಸರಿ.

ಬೋರ್‌ಗೆ ಕೇಸಿಂಗ್ ಪೈಪ್ ಇಳಿಸೋದು ಮೇಲಿನ ಮೆತ್ತನೆ ಮಣ್ಣು, ಕೊಳೆತ ಕಲ್ಲು ದಾಟೋವರೆಗೆ ಮಾತ್ರ, ಅದರ ಕೆಳಗೆ ಬರೀ ಕೊರೆದ ಕಲ್ಲು. ಮೇಲಿನ ಮಣ್ಣಲ್ಲಿ ಇಂಗಿದ್ರೆ ಡೀಸೆಲ್ ಅಲ್ಲೇ ಅಂಟ್ಕೊಂಡು, ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು, ಒಂದಷ್ಟು ಕಮ್ಮಿ ಆಗುತ್ತೆ. ಬೋರ್ ದಾರೀಲಿ ಆ ಎರಡೂ ಇಲ್ಲ. ಅಮೀನ್ ವಿಷಯಾನೂ ಹಂಗೇ, ಸಿಲಿಕಾಗೆ ಅಂಟ್ಕೊಳ್ಳೋದೇ ಅದರ ಕೆಲಸ, ಅದಕ್ಕೇ ತಾನೇ ಪ್ಲಾಂಟಲ್ಲಿ ಬಳಸೋದು, ಮಣ್ಣಿದ್ರೆ ಮಣ್ಣೇ ಹಿಡ್ಕೊಳ್ಳುತ್ತೆ, ಬರೀ ಬಿರುಕಲ್ಲಿ ಹಿಡಿಯೋಕೆ ಏನಿದೆ? ಕೆರೆಗೆ ಸೇರಿದ್ರೆ ಮೀನಿಗೆ ವಿಷ.

ಈಗ ಮಾಡ್ಬೇಕಾಗಿದ್ದು. ಡೀಸೆಲ್ ನೀರಿಗಿಂತ ಹಗುರ, ಬೋರ್ ಒಳಗೆ ನೀರಿದ್ರೆ ಮೇಲೆ ತೇಲ್ತಿರುತ್ತೆ. ಬೈಲರ್ ಅಂತ ಪಾರದರ್ಶಕ ಕೊಳವೆ ಸಿಗುತ್ತೆ, ಹಗ್ಗ ಕಟ್ಟಿ ನೀರಿನ ಮಟ್ಟದವರೆಗೆ ಇಳಿಸಿ ತೆಗೆದ್ರೆ ಎಷ್ಟು ದಪ್ಪ ತೇಲ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ತೇಲ್ತಿರೋದನ್ನ ಮೊದಲು ಅದರಲ್ಲೇ ಬಾಚಿ ತೆಗೀರಿ, ಆಮೇಲೆ ನೀರು ಎತ್ತಿ. ಮೊದಲೇ ಸಬ್‌ಮರ್ಸಿಬಲ್ ಹಾಕಿ ಎಳೆದ್ರೆ ಮಟ್ಟ ಇಳಿದು ಡೀಸೆಲ್ ಕೆಳಗಿನ ಬಿರುಕುಗಳಿಗೂ ಬಳಿದುಬಿಡುತ್ತೆ. ಎತ್ತಿದ ನೀರು ಟ್ಯಾಂಕಿಗೇ ಹೋಗ್ಬೇಕು, ಗಿಡಕ್ಕೂ ಬೇಡ ಪ್ರೋಸೆಸ್‌ಗೂ ಬೇಡ. ಬೀಡಿ ಸಿಗರೇಟು ಹತ್ರ ಬರಬಾರ್ದು.

ಬೋರ್ ಪೂರ್ತಿ ಸ್ವಚ್ಛ ಆಯ್ತು ಅಂತ ಗ್ಯಾರಂಟಿ ಆದ್ಮೇಲೆ ಮುಚ್ಚಿ. ಕೈಬಿಟ್ಟ ಬೋರ್‌ಗಳನ್ನ ತಳದಿಂದ ನೆಲದ ಮಟ್ಟದವರೆಗೂ ತುಂಬ್ಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದು ಮಕ್ಕಳು ಬೀಳ್ತಾರೆ ಅಂತ ಮಾಡಿದ ಆದೇಶ. ನೀರಿನ ಲೆಕ್ಕದಲ್ಲಿ ಬರೀ ಮಣ್ಣು ಕಲ್ಲು ಸಾಲಲ್ಲ, ಕೇಸಿಂಗ್ ಭಾಗಕ್ಕೆ ಸಿಮೆಂಟ್, ಬೆಂಟೋನೈಟ್ (ನೀರು ತಾಗಿದ್ರೆ ಉಬ್ಬೋ ಜೇಡಿಮಣ್ಣು) ಕಲಸಿದ ಗ್ರೌಟ್ ಬೀಳ್ಬೇಕು. ಪ್ಲಾಂಟ್ ಕಾಂಪೌಂಡಲ್ಲಿ ಇನ್ನೂ ಎಷ್ಟು ಹಳೇ ಬೋರ್ ಇದೆ ಹುಡುಕಿ, ಗುಜರಿ ಗುಡ್ಡೆ ಕೆಳಗೆ ಒಂದಾದ್ರೂ ಇರುತ್ತೆ. ನಿಗಾ ಇಡೋ ಬೋರ್ ಕಮ್ಮಿ ಅಂದ್ರೂ ಮೂರು ಬೇಕು, ಮೂರು ಕಡೆ ನೀರಿನ ಮಟ್ಟ ಗೊತ್ತಾದ್ರೇನೇ ಯಾವ ದಿಕ್ಕಿಗೆ ಹರೀತಿದೆ ಅಂತ ಅಂದಾಜು ಸಿಗೋದು. ಏಪ್ರಿಲ್ ಮೇನಲ್ಲಿ ಒಂದ್ಸಲ, ಮಳೆ ಮುಗಿದ ಮೇಲೆ ನವೆಂಬರಲ್ಲಿ ಒಂದ್ಸಲ ಅಳೀರಿ, ದಿಕ್ಕು ಬದಲಾಗಿರುತ್ತೆ.

ತೋಟದ_ಮನೆ:

ನಾನು ಭೀಮಸಮುದ್ರದ ಕಡೆಯವ್ನು, ಅಡಿಕೆ. ನೀವೆಲ್ಲ ಗೋಡೆ ವಾಲ್ವು ಅಂತ ಚೆನ್ನಾಗಿ ಮಾತಾಡ್ತಿದೀರ, ಪಕ್ಕದ ತೋಟದವ್ರಿಗೆ ಯಾರಾದ್ರೂ ಹೇಳಿದ್ರಾ? ಒಂದು ವಾರ ಆಯ್ತು ಅಂತಿದೀರ. ಅವ್ರ ಮನೇಲಿ ಆ ಬೋರ್ ನೀರೇ ಕುಡೀತಿರ್ತಾರೆ.

ನಮ್ಮ ಪಕ್ಕ ಒಂದು ಘಟಕದ ಗ್ಯಾರೇಜ್ ಇತ್ತು, ಹೆಸರು ಬೇಡ. ಒಂದಿನ ನಮ್ಮ ಬೋರ್ ನೀರು ಸೀಮೆಎಣ್ಣೆ ವಾಸನೆ ಹೊಡೀತು. ಹೋಗಿ ಕೇಳಿದ್ರೆ ನಿಮ್ಮ ಮೋಟರ್ ಆಯಿಲ್ ಸೋರಿರ್ಬೇಕು ನೋಡ್ಕೊಳಿ ಅಂದ್ರು, 800 ಅಡಿಯಿಂದ ಮೋಟರ್ ಎತ್ತಿಸಿದ್ವಿ, ಮೋಟರ್ ಸರಿಯಾಗೇ ಇತ್ತು. ಆಮೇಲೆ ಮೊದಲು ನಿಮ್ಮ ನೀರು ಚೆನ್ನಾಗಿತ್ತು ಅನ್ನೋಕೆ ರಿಪೋರ್ಟ್ ತೋರ್ಸಿ ಅಂದ್ರು. ಎಲ್ಲಿಂದ ತರೋದು ರಿಪೋರ್ಟು? ಯಾರಾದ್ರೂ ಚೆನ್ನಾಗಿರೋ ನೀರನ್ನ ಲ್ಯಾಬಿಗೆ ಕೊಡ್ತಾರಾ? 2011ರಲ್ಲಿ ಕೋರ್ಟ್ ಗಣಿ ನಿಲ್ಸಿದಾಗ ಕೆಲಸ ಹೋಯ್ತು ಅಂತ ಅತ್ತವ್ರಲ್ಲಿ ನನ್ ತಮ್ಮನೂ ಒಬ್ಬ, ಪ್ಲಾಂಟ್ ಮುಚ್ಚಿ ಅಂತ ನಾನು ಹೇಳಲ್ಲ. ಚೆಲ್ಲಿದ ದಿನವೇ ಬಂದು ಹೇಳಿ, ಒಂದು ಟ್ಯಾಂಕರ್ ನೀರು ಕಳ್ಸಿ. ಅಷ್ಟು ಮಾಡಿದ್ರೆ ಅರ್ಧ ಜಗಳ ಇರಲ್ಲ.

ನೀರು_ಬಾಟ್ಲಿ:

ತೋಟದ ಮನೆ ಅಣ್ಣ ಹೇಳಿದ್ದು ನೂರಕ್ಕೆ ನೂರು, ಲ್ಯಾಬಲ್ಲಿ ಕೆಲಸ ಮಾಡೋಳು ನಾನು, ನಮ್ಮ ಹತ್ರ ಬರೋರೆಲ್ಲ ಕೆಟ್ಟ ಮೇಲೇ ಬರೋದು. ಫ್ಲೋಟೇಷನ್ ಲೈನ್ ಶುರು ಆಗೋಕೆ ಮುಂಚೆನೇ ಸುತ್ತಲಿನ ಎಲ್ಲ ಬೋರ್‌ಗಳದ್ದೂ ಒಂದು ರಿಪೋರ್ಟ್ ಮಾಡಿಸಿಡಿ, ಇದು ಪ್ಲಾಂಟಿಗೂ ಒಳ್ಳೇದು. ನಮ್ಮ ಜಿಲ್ಲೇಲಿ ಎಷ್ಟೋ ಕಡೆ ಫ್ಲೋರೈಡ್ ಕಲ್ಲಿಂದಲೇ ಬರುತ್ತೆ, ನಾಳೆ ಅದನ್ನೂ ನಿಮ್ಮ ಮೇಲೇ ಹಾಕ್ತಾರೆ.

ಮಾಮೂಲಿ ನೀರಿನ ಟೆಸ್ಟ್ ಅಂತ ಕೊಟ್ರೆ ಪಿಎಚ್, ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಇಂಥವಷ್ಟೇ ನೋಡ್ತಾರೆ, ಡೀಸೆಲ್ ಅದರಲ್ಲಿ ಕಾಣೋದೇ ಇಲ್ಲ, ರಿಪೋರ್ಟ್ "ಕುಡಿಯಲು ಯೋಗ್ಯ" ಅಂತ ಬಂದ್ಬಿಡುತ್ತೆ. ಮಿನರಲ್ ಆಯಿಲ್, ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅಂತ ಬರೆದು ಕೇಳ್ಬೇಕು. ಐಎಸ್ 10500 ಅನ್ನೋ ಭಾರತದ ಮಾನದಂಡದ ಪ್ರಕಾರ ಕುಡಿಯೋ ನೀರಲ್ಲಿ ಮಿನರಲ್ ಆಯಿಲ್ ಲೀಟರ್‌ಗೆ 0.5 ಮಿಲಿಗ್ರಾಂ ದಾಟಬಾರ್ದು. ಮ್ಯಾಂಗನೀಸ್ 0.1, ಬೇರೆ ನೀರೇ ಇಲ್ಲ ಅಂದ್ರೆ 0.3ರವರೆಗೆ. ಮ್ಯಾಂಗನೀಸ್ ಖಂಡಿತ ಕೇಳಿ, ಡೀಸೆಲ್ ಕೊಳೆಯೋವಾಗ ನೀರಲ್ಲಿರೋ ಆಕ್ಸಿಜನ್ ಮುಗಿದು ಕಲ್ಲಲ್ಲಿರೋ ಕಬ್ಬಿಣ, ಮ್ಯಾಂಗನೀಸ್ ಕರಗೋಕೆ ಶುರು ಆಗುತ್ತೆ.

ಸ್ಯಾಂಪಲ್ ತೆಗೆಯೋವಾಗ ಮೋಟರ್ ಒಂದು 15 ನಿಮಿಷ ಓಡಿಸಿ, ಪೈಪಲ್ಲಿ ನಿಂತಿದ್ದ ಹಳೇ ನೀರು ಹೋಗ್ಲಿ. ಎಣ್ಣೆ ಟೆಸ್ಟಿಗೆ ಗಾಜಿನ ಬಾಟ್ಲಿ, ಲ್ಯಾಬಿಂದಲೇ ಇಸ್ಕೊಳಿ. ಕೂಲ್‌ಡ್ರಿಂಕ್ಸ್ ಬಾಟ್ಲಿಲಿ ತರ್ಬೇಡಿ ದಯವಿಟ್ಟು, ದಿನಾ ಹೇಳಿ ಸಾಕಾಗಿದೆ.

ಹೊಳಲ್ಕೆರೆ_ಶಿಫ್ಟ್:

ಎಲ್ರಿಗೂ ಥ್ಯಾಂಕ್ಸ್. ಆ ಗುಂಡಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲ, ಅದನ್ನ ಮಾಡಿಸಿದ್ದೂ ನಾನೇ, ಫೋಟೋ ತೆಗೆದು ಫೈಲಲ್ಲಿ ಬೇರೆ ಹಾಕಿದೀನಿ. ಒಂದು ಭಯ, ಬೋರ್ಡಿಗೆ ನಾವಾಗೇ ಹೇಳಿದ್ರೆ ಪ್ಲಾಂಟ್ ನಿಲ್ಲಿಸ್ತಾರೆ ಅಂತಾರೆ ಮ್ಯಾನೇಜರು, ನನ್ ಕೆಲಸದ ಗತಿ?

ಸ್ಲರಿ_ಮಾವ:

1974ರ ನೀರಿನ ಕಾಯ್ದೆ 31ನೇ ಸೆಕ್ಷನ್ ಓದಿಸು ಅವ್ರಿಗೆ. ಆಕಸ್ಮಿಕವಾಗಿ ವಿಷ ಪದಾರ್ಥ ಬಾವಿಗೋ ಹಳ್ಳಕ್ಕೋ ಸೇರಿದ್ರೆ, ಸೇರೋ ಹಂಗಿದ್ರೂ ಸೈತ, ಆ ಜಾಗದ ಉಸ್ತುವಾರಿ ಇರೋನು ತಕ್ಷಣ ತಿಳಿಸ್ಬೇಕು ಅಂತೈತಿ. ಬಾಯಲ್ಲಿ ಹೇಳಬ್ಯಾಡ, ಮ್ಯಾನೇಜರ್‌ಗೆ ಮೇಲ್ ಹಾಕು, ಏನಾಯ್ತು, ಯಾವತ್ತು, ಎಷ್ಟು, ಏನ್ ಮಾಡಬೇಕಂತೀನಿ ಅಂತ. ನಾಳೆ ತೋಟದವ್ರು ಬಂದಾಗ ಮೊದಲು ಕೈ ತೋರ್ಸೋದು ಶಿಫ್ಟಿನೋನ ಕಡೆಗೇ, ನಲವತ್ತು ವರ್ಷ ನೋಡೀನಿ.

ಹೊಳಲ್ಕೆರೆ_ಶಿಫ್ಟ್:

ಐದು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ. ಮೇಲ್ ಹಾಕಿದೆ, ಒಂದಿನ ಮ್ಯಾನೇಜರ್ ಮಾತಾಡಿಸ್ಲಿಲ್ಲ, ಮಾರನೇ ದಿನ ಅವ್ರೇ ಬೋರ್ಡಿಗೆ ಪತ್ರ ಕಳಿಸಿದ್ರು. ಗುಂಡಿ ಜಲ್ಲಿ ತೆಗೆಸಿದ್ವಿ, ನಾಲ್ಕಡಿ ಆಳದವರೆಗೂ ವಾಸನೆ. ಬೋರ್‌ಗೆ ಬೈಲರ್ ಬಿಟ್ರೆ ಮೇಲೆ ಎರಡು ಬೆರಳು ಡೀಸೆಲ್ ತೇಲ್ತಿತ್ತು. ದಿನಾ ಬೆಳಿಗ್ಗೆ ಸಂಜೆ ಬಾಚಿ ಡ್ರಮ್ಮಿಗೆ ಹಾಕ್ತಿದೀವಿ, ಇವತ್ತು ಬರೀ ಪೊರೆ ಥರ ಕಾಣ್ತಿದೆ. ಗುಜರಿ ಕೆಳಗೆ ನಿಜವಾಗ್ಲೂ ಇನ್ನೊಂದು ಹಳೇ ಬೋರ್ ಸಿಕ್ತು, ಬಾಯಿಗೆ ಒಂದು ಟೈರ್ ಮುಚ್ಚಿದ್ರು, ಅಷ್ಟೇ.

ತೆಗೆದ ಜಲ್ಲಿ ಮಣ್ಣು ಮೂರು ಟ್ರ್ಯಾಕ್ಟರ್ ಲೋಡ್ ಇದೆ, ಅದನ್ನ ಎಲ್ಲಿ ಹಾಕೋದು? ರಸ್ತೆ ಗುಂಡಿಗೆ ಹಾಕ್ಸು ಅಂತಿದಾರೆ.

ಬಂಡೆ_ಬಿರುಕು:

ರಸ್ತೆಗೆ ಹಾಕಿದ್ರೆ ಮೊದಲ ಮಳೆಗೆ ಮತ್ತೆ ಹರಿಯುತ್ತೆ. ಕಾಂಕ್ರೀಟ್ ನೆಲದ ಮೇಲೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್, ಮೇಲೆ ತಾಡಪಾಲು, ಸುತ್ತ ಬದು. ಎಣ್ಣೆ ಮಣ್ಣು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತೆ, 2016ರ ನಿಯಮದ ಪ್ರಕಾರ 90 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಂಗಿಲ್ಲ, ದಾಬಸ್‌ಪೇಟೆ ಹತ್ರ ಇಂಥ ತ್ಯಾಜ್ಯ ತಗೊಳ್ಳೋ ಘಟಕಕ್ಕೆ ಕಳಿಸೋ ದಾರಿ ಬೋರ್ಡಿನವರನ್ನೇ ಕೇಳಿ. ಬಾಚಿದ ಡೀಸೆಲ್ ಡ್ರಮ್ಮಿಗೆ ಮುಚ್ಚಳ, ಮೇಲೆ ಚೀಟಿ, ಬಂಡ್ ಒಳಗೇ ಇಡಿ.

ತೋಟದ_ಮನೆ:

ಪಕ್ಕದವ್ರಿಗೆ ಹೇಳಿದ್ರಾ?

ಹೊಳಲ್ಕೆರೆ_ಶಿಫ್ಟ್:

ಹೇಳಿದ್ವಿ ಅಣ್ಣ. ಒಬ್ರು ಬಯ್ದ್ರು, ಬಯ್ಯೋದು ನ್ಯಾಯಾನೇ. ಈಗ ಮಳೆ ಇರೋದ್ರಿಂದ ತೋಟಕ್ಕೆ ನೀರು ಬೇಕಿಲ್ಲ, ಸದ್ಯಕ್ಕೆ ಮೋಟರ್ ಹಾಕಲ್ಲ ಅಂದ್ರು, ಕುಡಿಯೋಕೆ ಪ್ಲಾಂಟಿಂದ ಟ್ಯಾಂಕರ್ ಹೋಗ್ತಿದೆ. ನಾಲ್ಕು ಬೋರ್ ಸ್ಯಾಂಪಲ್ ಗಾಜಿನ ಬಾಟ್ಲೀಲೇ ಕೊಟ್ಟಿದೀವಿ, ಒಂದು ನಮ್ಮಪ್ಪಂದು. ರಿಪೋರ್ಟ್ ಸೋಮವಾರ. ಅಲ್ಲೀವರೆಗೆ ಶುದ್ಧ ನೀರಿನ ಘಟಕದಿಂದ ದಿನಾ ಎರಡು ಕ್ಯಾನ್ ತಂದಿಡ್ತಿದೀನಿ ಮನೆಗೆ, ನಮ್ ಬೋರ್ ನೀರಿಗೆ ಏನಾಗಿದೆಯೋ ಅಂತ ಅಪ್ಪ ದಿನಾ ಕೇಳ್ತಿದಾರೆ, ಇನ್ನೂ ಹೇಳಿಲ್ಲ.